ಮೂರು ಲಕ್ಷ ಮೀಸಲು ಸೈನಿಕರು ಸರಿ, ಸಾರ್ಜೆಂಟ್‌ಗಳು ಎಲ್ಲಿಂದ? ಕೆನಡಾ ಪದಾತಿದಳದ ಬಡ್ತಿಯ ಲೆಕ್ಕ

2025ರ ಕೊನೆಯ ತಿಂಗಳುಗಳಲ್ಲಿ ಕೆನಡಾದಿಂದ ಬಂದ ಎರಡು ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೇನಾ ಮುಖ್ಯಸ್ಥೆ ಜನರಲ್ ಜೆನಿ ಕರಿನ್ಯಾನ್ ಅದೇ ವರ್ಷದ ಮೇ ಕೊನೆಯಲ್ಲಿ ಸಹಿ ಹಾಕಿದ ನಿರ್ದೇಶನವೊಂದು ಬಹಿರಂಗವಾಯಿತು. ಪ್ರಾಥಮಿಕ ಮೀಸಲು ಪಡೆಯನ್ನು ಸುಮಾರು 23,500ರಿಂದ ಒಂದು ಲಕ್ಷಕ್ಕೆ, ಪೂರಕ ಮೀಸಲು ಪಡೆಯನ್ನು ನಾಲ್ಕು ಸಾವಿರ ಚಿಲ್ಲರೆಯಿಂದ ಮೂರು ಲಕ್ಷಕ್ಕೆ ಏರಿಸುವ ಆಲೋಚನೆ ಅದರಲ್ಲಿದೆ. ಇನ್ನೊಂದು ಕಡೆ ಆ ದೇಶದ ಮಹಾಲೆಕ್ಕಪರಿಶೋಧಕರ ವರದಿ ಬಂತು. ಮೂರು ವರ್ಷಗಳಲ್ಲಿ ಸೇನೆಗೆ ಅರ್ಜಿ ಹಾಕಿದ 13 ಜನರಲ್ಲಿ ಒಬ್ಬರಷ್ಟೇ ತರಬೇತಿಯ ಹಂತ ತಲುಪಿದ್ದಾರೆ ಎಂದು ಅದು ಹೇಳಿತು. ಬಾಗಿಲಿಗೆ ಬಂದವರನ್ನೇ ಒಳಗೆ ಕರೆದುಕೊಳ್ಳಲಾಗದ ಸೇನೆ ನಾಲ್ಕು ಲಕ್ಷ ಜನರನ್ನು ಏನು ಮಾಡುತ್ತದೆ?

ಚರ್ಚೆಯೆಲ್ಲ ಭರ್ತಿಯ ಸುತ್ತಲೇ ನಡೆಯುತ್ತಿದೆ. ಆದರೆ ಪದಾತಿದಳದ ಮಟ್ಟಿಗೆ ಭರ್ತಿ ಎರಡನೆಯ ಸಮಸ್ಯೆ. ಬಂದೂಕು ಹಿಡಿಯಬಲ್ಲ ಕಾಲಾಳನ್ನು ಕೆಲವು ತಿಂಗಳಲ್ಲಿ ತಯಾರಿಸಬಹುದು. ಅವನಂಥ ಹತ್ತು ಜನರನ್ನು ಗುಂಡಿನ ಮಳೆಯಲ್ಲಿ ಮುನ್ನಡೆಸಬಲ್ಲ ಸಾರ್ಜೆಂಟ್ ತಯಾರಾಗಲು ವರ್ಷಗಳೇ ಬೇಕು. ಕೆನಡಾ ಎರಡು ಮಹಾಯುದ್ಧಗಳಲ್ಲೂ ಇದೇ ಕೊರತೆಯನ್ನು ಎದುರಿಸಿದೆ.

ನಿರ್ದೇಶನದಲ್ಲಿ ಇರುವುದು, ಇಲ್ಲದಿರುವುದು

ಇದು ಕಡ್ಡಾಯ ಭರ್ತಿಯ ಕಾನೂನಲ್ಲ. ಅದು ಯೋಜನೆಗೆ ಚಾಲನೆ ಕೊಡುವ ಕಾಗದ. ಅದರ ಸಂಖ್ಯೆಗಳು ಗುರಿಗಳೇ ಹೊರತು ಈಗಾಗಲೇ ಇರುವ ಪಡೆಗಳಲ್ಲ. ಸರ್ಕಾರಿ ನೌಕರರಿಗೆ ಒಂದು ವಾರ ಬಂದೂಕು ಬಳಕೆ, ಟ್ರಕ್ ಚಾಲನೆ, ಡ್ರೋನ್ ಹಾರಿಸುವ ತರಬೇತಿ ಕೊಡುವ ಪ್ರಸ್ತಾಪವೂ ಅದರಲ್ಲಿತ್ತು. ಇದೇ ಸಾಲು ಹೆಚ್ಚು ಗದ್ದಲ ಎಬ್ಬಿಸಿತು. ಸೇರುವುದು ಸ್ವಇಚ್ಛೆಗೆ ಬಿಟ್ಟದ್ದು.

ಎರಡು ಬಗೆಯ ಮೀಸಲು ಪಡೆಗಳ ವ್ಯತ್ಯಾಸ ಗೊತ್ತಿರಬೇಕು. ಪ್ರಾಥಮಿಕ ಮೀಸಲಿನವರು ಬೇರೆ ಉದ್ಯೋಗ ಮಾಡಿಕೊಂಡು, ವಾರದ ಒಂದು ಸಂಜೆ ಮತ್ತು ಕೆಲವು ವಾರಾಂತ್ಯಗಳಲ್ಲಿ ತಮ್ಮೂರಿನ ರೆಜಿಮೆಂಟ್‌ನಲ್ಲಿ ಕವಾಯತು ಮಾಡುವವರು. ಪೂರಕ ಮೀಸಲು ಹೆಚ್ಚಾಗಿ ಸೇವೆ ಬಿಟ್ಟವರ ಹೆಸರುಗಳ ಪಟ್ಟಿ. ಅವರಿಗೆ ತರಬೇತಿಯ ಬಾಧ್ಯತೆ ಇಲ್ಲ. ಮೂರು ಲಕ್ಷ ಎಂಬ ಅಂಕಿ ಈ ಎರಡನೆಯ ಪಟ್ಟಿಗೆ ಸೇರಿದ್ದು.

ಈಗ ಲೆಕ್ಕ ಹಾಕಿ ನೋಡೋಣ. ಸಾವಿರ ಪದಾತಿಗಳನ್ನು ಹತ್ತು ಹತ್ತು ಜನರ ಸೆಕ್ಷನ್‌ಗಳಾಗಿ ಮಾಡಿದರೆ ನೂರು ಸೆಕ್ಷನ್‌ಗಳಾಗುತ್ತವೆ. ಪ್ರತಿ ಸೆಕ್ಷನ್‌ಗೆ ಒಬ್ಬ ಸಾರ್ಜೆಂಟ್, ಅವನ ಕೈಕೆಳಗೆ ಒಬ್ಬ ಮಾಸ್ಟರ್ ಕಾರ್ಪೊರಲ್ ಬೇಕು. ಮೂರು ಸೆಕ್ಷನ್‌ಗೊಂದು ಪ್ಲಟೂನ್ ಅಂದರೆ 33 ಲೆಫ್ಟಿನೆಂಟ್‌ಗಳು, 33 ವಾರಂಟ್ ಆಫೀಸರ್‌ಗಳು. ಮೂರು ಪ್ಲಟೂನ್‌ಗೊಂದು ಕಂಪನಿ ಅಂದರೆ 11 ಮೇಜರ್‌ಗಳು, 11 ಕಂಪನಿ ಸಾರ್ಜೆಂಟ್ ಮೇಜರ್‌ಗಳು. ಮೇಲಿನ ಕಚೇರಿ, ಅಡುಗೆ, ಸಾಗಣೆಯನ್ನು ಪಕ್ಕಕ್ಕಿಟ್ಟರೂ ಸಾವಿರಕ್ಕೆ ಮುನ್ನೂರರ ಹತ್ತಿರ ಮುಂದಾಳುಗಳು ಬೇಕಾಗುತ್ತಾರೆ. ಭರ್ತಿ ಕಚೇರಿ ಇವರಲ್ಲಿ ಬಹುಪಾಲನ್ನು ಹೊರಗಿನಿಂದ ತರಲಾರದು. ಅವರು ಒಳಗೇ ಬೆಳೆದು ಬರಬೇಕು.

ಶಾಂತಿಕಾಲದ ಏಣಿ

ಕೆನಡಾದ ಕಾಯಂ ಪದಾತಿದಳ ಚಿಕ್ಕದು. ಅದರಲ್ಲಿರುವುದು ಮೂರು ರೆಜಿಮೆಂಟ್‌ಗಳು, ಒಂದೊಂದಕ್ಕೆ ಮೂರು ಬೆಟಾಲಿಯನ್ (ಹಲವು ಕಂಪನಿಗಳು ಸೇರಿದ ಪಡೆ), ಒಟ್ಟು ಒಂಬತ್ತು. ಹೊಸಬರು ಕ್ವಿಬೆಕ್‌ನ ಸೇಂಟ್ ಜಾನ್ ಸೂರ್ ರಿಶಲ್ಯು ಕೇಂದ್ರದಲ್ಲಿ ಸುಮಾರು ಎರಡು ತಿಂಗಳು ಮೂಲ ತರಬೇತಿ ಪಡೆಯುತ್ತಾರೆ. ಆಮೇಲೆ ತಮ್ಮ ರೆಜಿಮೆಂಟ್‌ಗೆ ತಕ್ಕಂತೆ ಮೀಫರ್ಡ್, ವೇನ್‌ರೈಟ್ ಅಥವಾ ವಾಲ್ಕಾರ್ಟಿಯೆಯಲ್ಲಿ ಪದಾತಿ ವಿದ್ಯೆ ಕಲಿತು, ಪ್ರೈವೇಟ್ ಆಗಿ ಬೆಟಾಲಿಯನ್‌ಗೆ ಬರುತ್ತಾರೆ.

ಸುಮಾರು ನಾಲ್ಕು ವರ್ಷ ಕಳೆದರೆ ಕಾರ್ಪೊರಲ್ ಪಟ್ಟಿ, ಅಂದರೆ ತೋಳಿನ ಮೇಲಿನ ದರ್ಜೆಯ ಗುರುತು, ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ. ನಿಜವಾದ ಜರಡಿ ಅಲ್ಲಿಂದ ಮುಂದೆ. ಪ್ರಾಥಮಿಕ ನಾಯಕತ್ವ ಕೋರ್ಸ್ ಮುಗಿಸಿದರೆ ಮಾಸ್ಟರ್ ಕಾರ್ಪೊರಲ್. ವಾರ್ಷಿಕ ಮೌಲ್ಯಮಾಪನ, ಆಯ್ಕೆ ಮಂಡಳಿ ಮತ್ತು ಇನ್ನಷ್ಟು ಕೋರ್ಸ್‌ಗಳನ್ನು ದಾಟಿದರೆ ಸಾರ್ಜೆಂಟ್. ಇಷ್ಟಕ್ಕೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಅದರ ಮೇಲೆ ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್, ಚೀಫ್ ವಾರಂಟ್ ಆಫೀಸರ್. ಭಾರತೀಯ ಸೇನೆಯನ್ನು ಬಲ್ಲವರು ಕಾರ್ಪೊರಲ್ ಅನ್ನು ನಾಯಕ್, ಸಾರ್ಜೆಂಟ್ ಅನ್ನು ಹವಾಲ್ದಾರ್ ಎಂದು ಹೆಚ್ಚುಕಡಿಮೆ ಸಮೀಕರಿಸಿಕೊಳ್ಳಬಹುದು. ವಾರಂಟ್ ಆಫೀಸರ್ ಮಾಡುವ ಕೆಲಸ ನಮ್ಮ ಸುಬೇದಾರರ ಕೆಲಸಕ್ಕೆ ಹತ್ತಿರ.

ಎರಡನೆಯ ಮಹಾಯುದ್ಧದಲ್ಲಿ ಸೆಕ್ಷನ್ ನಡೆಸುತ್ತಿದ್ದವನು ಕಾರ್ಪೊರಲ್. 1960ರ ದಶಕದಲ್ಲಿ ರಕ್ಷಣಾ ಸಚಿವ ಪಾಲ್ ಹೆಲ್ಯರ್ ಅವರ ಸುಧಾರಣೆಗಳ ಕಾಲಕ್ಕೆ, ಸೈನಿಕರ ಸಂಬಳ ಏರಿಸುವ ದಾರಿಯಾಗಿ ಕಾರ್ಪೊರಲ್ ದರ್ಜೆಯನ್ನು ಸೇವಾವಧಿಗೆ ಕಟ್ಟಿಬಿಟ್ಟರು. ಆ ಪಟ್ಟಿಗಿದ್ದ ಅಧಿಕಾರ ಕರಗಿತು. ಆ ಖಾಲಿ ಜಾಗ ತುಂಬಲು ಮಾಸ್ಟರ್ ಕಾರ್ಪೊರಲ್ ಎಂಬ ನೇಮಕವನ್ನು ಹೊಸದಾಗಿ ಸೃಷ್ಟಿಸಬೇಕಾಯಿತು, ಸೆಕ್ಷನ್‌ನ ಹೊಣೆ ಸಾರ್ಜೆಂಟ್‌ಗೆ ಏರಿತು. ಹೀಗೆ 1944ರಲ್ಲಿ ಕಾರ್ಪೊರಲ್ ಮಾಡುತ್ತಿದ್ದ ಕೆಲಸಕ್ಕೆ ಇಂದು ಎರಡು ಮೆಟ್ಟಿಲು ಮೇಲಿನವನು ಬೇಕು. ವಿಸ್ತರಣೆಯ ಮಾತು ಬಂದಾಗ ಇದು ನೇರವಾಗಿ ಅಡ್ಡ ಬರುತ್ತದೆ.

ಯುದ್ಧದಲ್ಲಿ ಬಡ್ತಿ ಎಂದರೆ ಖಾಲಿಯಾದ ಜಾಗ

ಒಟ್ಟಾವಾದಲ್ಲಿರುವ ರಕ್ಷಣಾ ಪ್ರಧಾನ ಕಚೇರಿಯ ಕಟ್ಟಡಕ್ಕೆ ಮೇಜರ್ ಜನರಲ್ ಜಾರ್ಜ್ ಪರ್ಕಸ್ ಅವರ ಹೆಸರಿದೆ. ಪರ್ಕಸ್ 1915ರಲ್ಲಿ 2ನೇ ಕೆನೇಡಿಯನ್ ಮೌಂಟೆಡ್ ರೈಫಲ್ಸ್‌ಗೆ ಸಾಮಾನ್ಯ ಸೈನಿಕನಾಗಿ ಸೇರಿದರು. ಹೆಸರಿಗೆ ಕುದುರೆ ದಳವಾದರೂ, ಕಂದಕಗಳ ಯುದ್ಧದಲ್ಲಿ ಕುದುರೆಗೆ ಕೆಲಸವಿಲ್ಲದ್ದರಿಂದ ಅದನ್ನು ಪದಾತಿ ಬೆಟಾಲಿಯನ್ ಆಗಿ ಬದಲಿಸಲಾಯಿತು. 1916ರಲ್ಲಿ ಅವರು ಅಧಿಕಾರಿಯಾದರು. 1917ರ ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಂನ ಪ್ಯಾಶನ್‌ಡೇಲ್ ಕದನದಲ್ಲಿ, ತೊಡೆಗೆ ಗಾಯವಾಗಿದ್ದರೂ 5ನೇ ಮೌಂಟೆಡ್ ರೈಫಲ್ಸ್‌ನ ಮೇಜರ್ ಆಗಿ ಹೋರಾಡಿ, ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. 1918ರ ಆರಂಭದಲ್ಲಿ 116ನೇ ಬೆಟಾಲಿಯನ್‌ನ ಮುಖ್ಯಸ್ಥರಾದರು. ಪ್ರೈವೇಟ್‌ನ ದರ್ಜೆಯಿಂದ ಲೆಫ್ಟಿನೆಂಟ್ ಕರ್ನಲ್‌ವರೆಗೆ ಏರಲು ಹಿಡಿದದ್ದು ಮೂರು ವರ್ಷದಷ್ಟು ಕಾಲ. ಮುಂದೆ 1957ರಿಂದ 1960ರವರೆಗೆ ಅವರೇ ರಕ್ಷಣಾ ಸಚಿವರಾಗಿದ್ದರು.

ಈ ವೇಗ ಎಲ್ಲಿಂದ ಬಂತು? ಪರ್ಕಸ್ ಅಸಾಧಾರಣ ವ್ಯಕ್ತಿ, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ಪಡೆಗಳು ಎಂಥ ಜಾಗದಲ್ಲಿದ್ದವು ಎಂಬುದನ್ನೂ ನೋಡಬೇಕು. 1916ರ ಜೂನ್ 2ರಂದು ಬೆಲ್ಜಿಯಂನ ಮೌಂಟ್ ಸೊರೆಲ್‌ನಲ್ಲಿ ಜರ್ಮನ್ನರ ಫಿರಂಗಿ ದಾಳಿಯಾದಾಗ, ಅದೇ ಬ್ರಿಗೇಡ್‌ನ (ಕೆಲವು ಬೆಟಾಲಿಯನ್‌ಗಳ ಗುಂಪು) 4ನೇ ಮೌಂಟೆಡ್ ರೈಫಲ್ಸ್‌ನ 702 ಜನರಲ್ಲಿ ಗಾಯವಿಲ್ಲದೆ ಉಳಿದವರು 76. ಹಲವು ಬ್ರಿಗೇಡ್‌ಗಳು ಸೇರಿದ ಡಿವಿಷನ್‌ನ ಮುಖ್ಯಸ್ಥ ಮೇಜರ್ ಜನರಲ್ ಮರ್ಸರ್ ಅಲ್ಲೇ ಸತ್ತರು, ಬ್ರಿಗೇಡ್‌ನ ಮುಖ್ಯಸ್ಥರು ಸೆರೆ ಸಿಕ್ಕರು. ಇಂಥ ದಿನದ ಮರುದಿನ ಬದುಕಿ ಉಳಿದ ಕಾರ್ಪೊರಲ್ ಸಾರ್ಜೆಂಟ್ ಆಗುತ್ತಾನೆ, ಸಾರ್ಜೆಂಟ್ ಪ್ಲಟೂನ್ ನಡೆಸುತ್ತಾನೆ. ಯುದ್ಧಕಾಲದ ಪ್ರತಿ ಬಡ್ತಿಯ ಹಿಂದೆ ಸಾಮಾನ್ಯವಾಗಿ ಒಬ್ಬ ಸತ್ತಿರುತ್ತಾನೆ ಅಥವಾ ಗಾಯಗೊಂಡು ಹಿಂದಕ್ಕೆ ಹೋಗಿರುತ್ತಾನೆ.

ಕ್ರಮ ಹೀಗಿತ್ತು. ಚುರುಕಾದ ಪ್ರೈವೇಟ್‌ಗೆ ಮೊದಲು ಲ್ಯಾನ್ಸ್ ಕಾರ್ಪೊರಲ್ ಪಟ್ಟಿ ಸಿಗುತ್ತಿತ್ತು, ಎಷ್ಟೋ ಸಲ ಹೆಚ್ಚುವರಿ ಸಂಬಳವಿಲ್ಲದೆ. ನಿಭಾಯಿಸಿದರೆ ಕಾರ್ಪೊರಲ್, ಜಾಗ ಖಾಲಿಯಾದಾಗ ಹಂಗಾಮಿ ಸಾರ್ಜೆಂಟ್, ಆಮೇಲೆ ಕಾಯಂ. ಈ ಮಟ್ಟದ ಬಡ್ತಿಗಳು ಬೆಟಾಲಿಯನ್‌ನ ಮುಖ್ಯಸ್ಥನ ಕೈಯಲ್ಲೇ ಇದ್ದವು. ಹಾಗಾಗಿ ತಡವಾಗುತ್ತಿರಲಿಲ್ಲ. ಹಂಗಾಮಿ ಎಂಬ ಪದಕ್ಕೆ ಇಲ್ಲಿ ಬೆಲೆ ಇತ್ತು. ಕೈಲಾಗದವನನ್ನು ಅವಮಾನವಿಲ್ಲದೆ ಹಿಂದಿನ ದರ್ಜೆಗೆ ಕಳಿಸಲು ಅದು ದಾರಿ ಮಾಡಿಕೊಡುತ್ತಿತ್ತು. ಅಧಿಕಾರಿಯಾಗಲು ಯೋಗ್ಯ ಎನಿಸಿದ ಸಾರ್ಜೆಂಟ್‌ನನ್ನು ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಸಸೆಕ್ಸ್‌ನ ಬೆಕ್ಸ್‌ಹಿಲ್‌ನಲ್ಲಿ ಕೆನಡಾದ ತರಬೇತಿ ಶಾಲೆ ಇತ್ತು. ಪ್ರೈವೇಟ್‌ಗೆ ಭತ್ಯೆ ಸೇರಿ ದಿನಕ್ಕೆ 1 ಡಾಲರ್ 10 ಸೆಂಟ್ ಸಿಗುತ್ತಿದ್ದರೆ, ಸಾರ್ಜೆಂಟ್‌ಗೆ ಒಂದೂವರೆ ಡಾಲರ್. ವ್ಯತ್ಯಾಸ 40 ಸೆಂಟ್, ಆ 40 ಸೆಂಟ್‌ಗೆ ಹೊರಬೇಕಾದ ಹೊಣೆ ಹಲವರ ಪ್ರಾಣ.

ಮನೆಯಿಂದ ತಂದ ಪಟ್ಟಿಗಳ ಪಾಡು

ಮೊದಲ ಮಹಾಯುದ್ಧದ ಕೆನಡಾ ಮಾಡಿದ ದೊಡ್ಡ ತಪ್ಪು ಇಂದಿನ ನಿರ್ದೇಶನಕ್ಕೆ ನೇರವಾಗಿ ಸಂಬಂಧಿಸಿದ್ದು. ಆಗಿನ ಸೇನಾ ಖಾತೆಯ ಸಚಿವ ಸ್ಯಾಮ್ ಹ್ಯೂಸ್ ಮೊದಲೇ ಸಿದ್ಧವಾಗಿದ್ದ ಸಜ್ಜುಗೊಳಿಸುವಿಕೆಯ ಯೋಜನೆಯನ್ನು ಬದಿಗಿಟ್ಟು, ಊರೂರಲ್ಲಿ ಹೊಸ ಬೆಟಾಲಿಯನ್ ಕಟ್ಟಲು ಸ್ಥಳೀಯ ಗಣ್ಯರಿಗೆ ಅನುಮತಿ ಕೊಡುತ್ತಾ ಹೋದರು. ಸುಮಾರು 260 ಸಂಖ್ಯೆಯ ಬೆಟಾಲಿಯನ್‌ಗಳು ಹುಟ್ಟಿದವು. ಫ್ರಾನ್ಸ್‌ನಲ್ಲಿದ್ದ ಕೆನಡಾದ ಕೋರ್‌ಗೆ (ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಇದ್ದದ್ದು ನಾಲ್ಕು ಡಿವಿಷನ್, ಅಂದರೆ 48 ಪದಾತಿ ಬೆಟಾಲಿಯನ್. ಉಳಿದವುಗಳಲ್ಲಿ ಹೆಚ್ಚಿನವು ಇಂಗ್ಲೆಂಡ್ ತಲುಪುತ್ತಿದ್ದಂತೆ ಒಡೆದು, ಅವುಗಳ ಸೈನಿಕರು ರಣರಂಗದ ಬೆಟಾಲಿಯನ್‌ಗಳಿಗೆ ಹಂಚಿಹೋದರು.

ಪ್ರೈವೇಟ್‌ಗಳಿಗೆ ಜಾಗವಿತ್ತು. ಅವರ ಸಾರ್ಜೆಂಟ್, ಮೇಜರ್, ಕರ್ನಲ್‌ಗಳಿಗೆ ಇರಲಿಲ್ಲ. ರಣರಂಗದ ಬೆಟಾಲಿಯನ್‌ಗಳು ತಮ್ಮೊಳಗೆ ಬೆಳೆದವರನ್ನೇ ಮೇಲಕ್ಕೆ ತರುತ್ತಿದ್ದವು, ಗುಂಡಿನ ಸದ್ದು ಕೇಳದವನ ಕೈಗೆ ಪ್ಲಟೂನ್ ಕೊಡಲು ಒಪ್ಪುತ್ತಿರಲಿಲ್ಲ. ಹೀಗಾಗಿ ಹೆಚ್ಚುವರಿ ಅಧಿಕಾರಿಗಳು ಇಂಗ್ಲೆಂಡ್‌ನ ಶಿಬಿರಗಳಲ್ಲಿ ಕೆಲಸವಿಲ್ಲದೆ ಕೂತರು. ಎಷ್ಟೋ ಸಾರ್ಜೆಂಟ್‌ಗಳು ಮುಂಚೂಣಿಗೆ ಹೋಗುವ ಆಸೆಯಿಂದ ತಾವಾಗಿಯೇ ಪಟ್ಟಿ ಕಳಚಿ ಪ್ರೈವೇಟ್ ಆದರು. ಆ ಮನುಷ್ಯರ ತ್ಯಾಗ ದೊಡ್ಡದು, ಆದರೆ ಅದನ್ನು ಅವರಿಂದ ಕೇಳಿದ ವ್ಯವಸ್ಥೆ ಕೆಟ್ಟದ್ದಾಗಿತ್ತು.

ವಿಮಿಯಲ್ಲಿ ಮಾಡಿದ ಸರಿಯಾದ ಕೆಲಸ

1917ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಲ್ಲಿ ನಡೆದ ವಿಮಿ ಕದನದ ಯಶಸ್ಸನ್ನು ಫಿರಂಗಿಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಬಡ್ತಿಯ ದೃಷ್ಟಿಯಿಂದ ಅಲ್ಲಿ ಮೂರು ಕೆಲಸಗಳು ನಡೆದಿದ್ದವು. ಅದೇ ವರ್ಷ ಫೆಬ್ರವರಿಯ ಹೊಸ ಕೈಪಿಡಿಯ ಪ್ರಕಾರ ಪ್ಲಟೂನ್ ಅನ್ನು ಲೂಯಿಸ್ ಗನ್ (ಹಗುರ ಮೆಷಿನ್ ಗನ್), ರೈಫಲ್, ಕೈಬಾಂಬ್, ರೈಫಲ್ ಗ್ರೆನೇಡ್ ಎಂದು ನಾಲ್ಕು ಸೆಕ್ಷನ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮುಂದಾಳನ್ನು ಕೊಡಲಾಯಿತು. ಸುಮಾರು 40,000 ನಕ್ಷೆಗಳನ್ನು ಅಧಿಕಾರಿಗಳ ಚೀಲದಲ್ಲೇ ಉಳಿಸದೆ ಕೆಳಗಿನವರೆಗೂ ಹಂಚಿದರು. ಬಟ್ಟೆಯ ಪಟ್ಟಿಗಳನ್ನು ಹಾಸಿ ಗುರುತು ಮಾಡಿದ ಮೈದಾನಗಳಲ್ಲಿ ಮತ್ತೆ ಮತ್ತೆ ತಾಲೀಮು ನಡೆಸಿ, ತನ್ನ ಮೇಲಿನವನು ಬಿದ್ದರೆ ಏನು ಮಾಡಬೇಕೆಂದು ಪ್ರತಿಯೊಬ್ಬನಿಗೂ ಕಲಿಸಿದರು.

ನಾಲ್ಕು ದಿನಗಳಲ್ಲಿ 10,602 ಮಂದಿ ಸತ್ತರು ಅಥವಾ ಗಾಯಗೊಂಡರು. ಅವರಲ್ಲಿ 3,598 ಮಂದಿ ಸತ್ತವರು. ಆದರೂ ದಾಳಿ ನಿಲ್ಲಲಿಲ್ಲ, ಏಕೆಂದರೆ ಬಿದ್ದವನ ಕೆಲಸ ಹಿಂದಿನವನಿಗೆ ಗೊತ್ತಿತ್ತು. ಅಲ್ಲಿ ಸಾರ್ಜೆಂಟ್ ಆಗಿ ಡಿಸ್ಟಿಂಗ್ವಿಶ್ಡ್ ಕಾಂಡಕ್ಟ್ ಮೆಡಲ್ ಗೆದ್ದ ಜಾನ್ ಮ್ಯಾಕ್‌ಗ್ರೆಗರ್ ಮುಂದೆ ಅಧಿಕಾರಿಯಾಗಿ, 1918ರ ಶರತ್ಕಾಲದಲ್ಲಿ ಕಾಂಬ್ರೆ ಬಳಿ ಕ್ಯಾಪ್ಟನ್ ಆಗಿ ವಿಕ್ಟೋರಿಯಾ ಕ್ರಾಸ್ ಪಡೆದರು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ದೊಡ್ಡ ದಾಳಿಗೆ ಮುಂಚೆ ಪ್ರತಿ ಬೆಟಾಲಿಯನ್ ತನ್ನ ಕೆಲವು ಅಧಿಕಾರಿಗಳನ್ನೂ ಸಾರ್ಜೆಂಟ್‌ಗಳನ್ನೂ ಬೇಕೆಂದೇ ಹಿಂದೆ ಬಿಟ್ಟು ಹೋಗುತ್ತಿತ್ತು. ಪಡೆ ನಾಶವಾದರೂ ಇವರ ಸುತ್ತ ಮತ್ತೆ ಕಟ್ಟಬಹುದು, ಹೆಪ್ಪು ಉಳಿಸಿಕೊಂಡ ಹಾಗೆ.

1944: ಅಂದಾಜು ತಪ್ಪಿದಾಗ

1939ರಲ್ಲಿ ಕೆನಡಾದ ಕಾಯಂ ಸೇನೆಯಲ್ಲಿದ್ದವರು ಸುಮಾರು 4,200 ಜನ. ಯುದ್ಧ ಮುಗಿಯುವ ಹೊತ್ತಿಗೆ ಭೂಸೇನೆಯಲ್ಲಿ ಸೇವೆ ಮಾಡಿದವರ ಸಂಖ್ಯೆ ಏಳು ಲಕ್ಷ ದಾಟಿತ್ತು. ಇಷ್ಟು ಹಿಗ್ಗಿದಾಗ ಶಾಂತಿಕಾಲದ ಹವ್ಯಾಸಿ ಅಧಿಕಾರಿಗಳು ಬೆಟಾಲಿಯನ್ ನಡೆಸಬೇಕಾಯಿತು. 1942ರ ಆರಂಭದಲ್ಲಿ ಬ್ರಿಟನ್‌ನ ಜನರಲ್ ಮಾಂಟ್ಗಮರಿ ಕೆನಡಾದ ಪಡೆಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಹಲವರು ಹುದ್ದೆ ಕಳೆದುಕೊಂಡರು.

ನಿಜವಾದ ಪೆಟ್ಟು ಬಿದ್ದದ್ದು 1944ರಲ್ಲಿ, ಫ್ರಾನ್ಸ್‌ನ ನಾರ್ಮಂಡಿಯಲ್ಲಿ. ಉತ್ತರ ಆಫ್ರಿಕಾದ ಮರುಭೂಮಿ ಯುದ್ಧದ ಅನುಭವದ ಮೇಲೆ ಯೋಜಕರು ಒಟ್ಟು ಸಾವುನೋವಿನಲ್ಲಿ ಅರ್ಧದಷ್ಟು ಪದಾತಿದಳದ್ದು ಎಂದು ಅಂದಾಜಿಸಿದ್ದರು. ಆದದ್ದು ಮುಕ್ಕಾಲು ಭಾಗ. ಜುಲೈ 25ರಂದು ವೆರಿಯರ್ಸ್ ದಿಣ್ಣೆಯಲ್ಲಿ ಬ್ಲ್ಯಾಕ್ ವಾಚ್ ಬೆಟಾಲಿಯನ್‌ನ ಮುಖ್ಯಸ್ಥರು ಬೆಳಗಿನ ಜಾವವೇ ಸತ್ತು, ಇಪ್ಪತ್ತರ ಹರೆಯದ ಮೇಜರ್ ಫಿಲಿಪ್ ಗ್ರಿಫಿನ್ ಇಡೀ ಬೆಟಾಲಿಯನ್‌ನ ಹೊಣೆ ಹೊರಬೇಕಾಯಿತು. ದಾಳಿಗೆ ಹೊರಟ ಮುನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ವಾಪಸ್ ಬಂದವರು ಬೆರಳೆಣಿಕೆಯಷ್ಟು. ಗ್ರಿಫಿನ್ ಕೂಡ ಬರಲಿಲ್ಲ.

ಜಾಗ ತುಂಬಲು ಗುಮಾಸ್ತರು, ವಿಮಾನ ನಿರೋಧಕ ಫಿರಂಗಿಯವರು ಮುಂತಾದವರಿಗೆ ಕೆಲವೇ ವಾರ ತರಬೇತಿ ಕೊಟ್ಟು ಪದಾತಿಗಳನ್ನಾಗಿ ಮಾಡಿದರು. ಗಾಯಗೊಂಡು ಊರಿಗೆ ಮರಳಿದ ಮೇಜರ್ ಕಾನ್ ಸ್ಮೈತ್, ಬರುತ್ತಿರುವ ಬದಲಿ ಸೈನಿಕರಲ್ಲಿ ಹಲವರು ಒಮ್ಮೆಯೂ ಗ್ರೆನೇಡ್ ಎಸೆದಿಲ್ಲ ಎಂದು ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ ಮೇಲೆ ರಾಜಕೀಯ ಸ್ಫೋಟವಾಯಿತು. ರಕ್ಷಣಾ ಸಚಿವ ರಾಲ್ಸ್ಟನ್ ಹುದ್ದೆ ಬಿಡಬೇಕಾಯಿತು. ಕೊನೆಗೆ ಮನೆರಕ್ಷಣೆಗೆಂದು ಕಡ್ಡಾಯವಾಗಿ ಸೇರಿಸಿಕೊಂಡಿದ್ದವರಲ್ಲಿ 16,000 ಜನರನ್ನು ಹೊರದೇಶಕ್ಕೆ ಕಳಿಸುವ ಆದೇಶ ಬಂತು. ಹೋದವರು 12,908. ಹೋರಾಡುವ ಪಡೆಗಳಿಗೆ ಸೇರಿದವರು 2,463.

ವಿಚಿತ್ರವೆಂದರೆ ಅದೇ ವರ್ಷದ ಆರಂಭದಲ್ಲಿ ಕೆನಡಾದಲ್ಲಿ ಕಿರಿಯ ಅಧಿಕಾರಿಗಳು ಹೆಚ್ಚಾಗಿದ್ದರು. 673 ಮಂದಿಯನ್ನು ಬ್ರಿಟಿಷ್ ಸೇನೆಗೆ ಕ್ಯಾನ್‌ಲೋನ್ ಎಂಬ ಯೋಜನೆಯಡಿ ಎರವಲು ಕೊಡಲಾಗಿತ್ತು. ಒಟ್ಟು ಸಂಖ್ಯೆ ಸರಿಯಿದ್ದು, ಏಣಿಯ ಯಾವ ಮೆಟ್ಟಿಲಲ್ಲಿ ಎಷ್ಟು ಜನ ಎಂಬ ಲೆಕ್ಕ ತಪ್ಪಿದರೆ ಹೀಗಾಗುತ್ತದೆ. ಅನುಭವಿಗಳು ತೆಳುವಾದಾಗ ಉಳಿದವರ ಮೇಲೆ ಬೀಳುವ ಭಾರಕ್ಕೆ ಸಾರ್ಜೆಂಟ್ ಆಬ್ರಿ ಕೊಸೆನ್ಸ್ ಸಾಕ್ಷಿ. 1945ರ ಫೆಬ್ರವರಿ ಕೊನೆಯಲ್ಲಿ ಜರ್ಮನಿಯ ಮೂಶಾಫ್ ಹಳ್ಳಿಯಲ್ಲಿ ಪ್ಲಟೂನ್ ಕಮಾಂಡರ್ ಸತ್ತು, ಬದುಕಿದ್ದ ನಾಲ್ವರನ್ನು ಒಟ್ಟುಗೂಡಿಸಿಕೊಂಡು ಅವರು ಗುರಿ ಗೆದ್ದರು. ಕಂಪನಿಯ ಮುಖ್ಯಸ್ಥನಿಗೆ ವರದಿ ಕೊಡಲು ಹೋಗುವಾಗ ಗುರಿಕಾರನ ಗುಂಡಿಗೆ ಬಲಿಯಾದರು.

ಇಂದಿನ ವಾದ, ಪ್ರತಿವಾದ

ನಿರ್ದೇಶನದ ಪರ ಇರುವವರು ಉಕ್ರೇನ್ ಕಡೆ ಕೈ ತೋರಿಸುತ್ತಾರೆ. ದೊಡ್ಡ ಯುದ್ಧದಲ್ಲಿ ಸಣ್ಣ ವೃತ್ತಿಪರ ಸೇನೆ ಮೊದಲ ವರ್ಷದಲ್ಲೇ ಸವೆದುಹೋಗುತ್ತದೆ, ಆಮೇಲೆ ಹೋರಾಡುವುದು ಮೀಸಲು ಪಡೆ. ಆದ್ದರಿಂದ ಪಟ್ಟಿ ಈಗಲೇ ಸಿದ್ಧವಿರಬೇಕು ಎಂಬುದು ಅವರ ನಿಲುವು.

ವಿಮರ್ಶಕರು ಕೇಳುವುದು ಕಲಿಸುವವರು ಯಾರು ಎಂದು. 2024ರಲ್ಲಿ ಆಗಿನ ರಕ್ಷಣಾ ಸಚಿವ ಬಿಲ್ ಬ್ಲೇರ್ ಅವರೇ, ಸೇರುವವರಿಗಿಂತ ಬಿಡುವವರು ಹೆಚ್ಚುತ್ತಿರುವುದನ್ನು ಸಾವಿನ ಸುಳಿ ಎಂದಿದ್ದರು. ಅದಾದ ಮೇಲೆ ಭರ್ತಿ ಸುಧಾರಿಸಿದೆ. 2025ರ ಆಗಸ್ಟ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಕೆಳಗಿನ ಸೈನಿಕರ ಆರಂಭಿಕ ಸಂಬಳವನ್ನು ಶೇ 20ರಷ್ಟು ಏರಿಸಿದರು. ಆದರೆ ಹೊಸಬರಿಗೆ ಕಲಿಸಬೇಕಾದ ಸಾರ್ಜೆಂಟ್ ಇದೇ ಒಂಬತ್ತು ಬೆಟಾಲಿಯನ್‌ಗಳಿಂದ ಬರಬೇಕು. ಲಾಟ್ವಿಯಾದಲ್ಲಿ ಕೆನಡಾ ಮುನ್ನಡೆಸುತ್ತಿರುವ ನೇಟೊ ಬ್ರಿಗೇಡ್‌ಗೂ ಅವನೇ ಬೇಕು, ಉಕ್ರೇನ್ ಸೈನಿಕರಿಗೆ ತರಬೇತಿ ಕೊಡಲೂ ಅವನೇ. ಅವನನ್ನು ತರಬೇತಿ ಶಾಲೆಗೆ ಕಳಿಸಿದರೆ ಅವನ ಸೆಕ್ಷನ್ ಮುಂದಾಳಿಲ್ಲದೆ ಉಳಿಯುತ್ತದೆ. ಕಳಿಸದಿದ್ದರೆ ಹೊಸಬ ಬ್ಯಾರಕ್‌ನಲ್ಲಿ ಕೋರ್ಸ್‌ಗಾಗಿ ತಿಂಗಳುಗಟ್ಟಲೆ ಕಾದು, ಬೇಸತ್ತು ಬಿಟ್ಟುಹೋಗುತ್ತಾನೆ.

ಕ್ವಿಬೆಕ್‌ನ ಫ್ರೆಂಚ್ ಭಾಷಿಕರಿಗೆ 1917 ಮತ್ತು 1944ರ ಕಡ್ಡಾಯ ಭರ್ತಿಯ ನೆನಪು ಇನ್ನೂ ಕಹಿ. ಸಜ್ಜುಗೊಳಿಸುವಿಕೆ ಎಂಬ ಮಾತು ಅಲ್ಲಿ ಕೇಳಿಸುವ ಬಗೆಯೇ ಬೇರೆ. ಸ್ವಇಚ್ಛೆ ಎಂದು ಸರ್ಕಾರ ಮತ್ತೆ ಮತ್ತೆ ಹೇಳಬೇಕಾಗುವುದು ಇದಕ್ಕೇ.

ವಿಮರ್ಶಕರ ಮಾತೇ ಹೆಚ್ಚು ಗಟ್ಟಿ. ಆದರೆ ಅದರಿಂದ ಯೋಜನೆಯನ್ನು ಕೈಬಿಡಬೇಕೆಂದು ಹೊರಡುವುದಿಲ್ಲ, ಅದರ ಕ್ರಮ ತಲೆಕೆಳಗಾಗಬೇಕು. ಪೂರಕ ಮೀಸಲಿನ ನಿಜವಾದ ಬೆಲೆ ಇರುವುದು ನಿವೃತ್ತ ಸಾರ್ಜೆಂಟ್, ವಾರಂಟ್ ಆಫೀಸರ್‌ಗಳಲ್ಲಿ. 2001ರಿಂದ 2014ರವರೆಗೆ ಅಫ್ಘಾನಿಸ್ತಾನದಲ್ಲಿ 40,000ಕ್ಕೂ ಹೆಚ್ಚು ಕೆನಡಾ ಸೈನಿಕರು ಸೇವೆ ಮಾಡಿದ್ದಾರೆ. 2006ರ ಸೆಪ್ಟೆಂಬರ್ 3ರಂದು ಕಂದಹಾರ್ ಬಳಿಯ ಮೆಡೂಸಾ ಕಾರ್ಯಾಚರಣೆಯಲ್ಲಿ ಸತ್ತ ನಾಲ್ವರಲ್ಲಿ ಇಬ್ಬರು ವಾರಂಟ್ ಆಫೀಸರ್‌ಗಳು, ಒಬ್ಬ ಸಾರ್ಜೆಂಟ್. ಇಂಥ ದಿನಗಳನ್ನು ಕಂಡವರು ಈಗ ನಲವತ್ತು ದಾಟಿದ್ದಾರೆ. ಡ್ರೋನ್, ಹೊಸ ರೇಡಿಯೊಗಳನ್ನು ಅವರಿಗೆ ಹೊಸದಾಗಿ ಕಲಿಸಬೇಕು. ಆದರೆ ಹತ್ತು ಜನರನ್ನು ಒಟ್ಟಿಗೆ ಹಿಡಿದಿಡುವುದನ್ನು ಅವರಿಗೆ ಕಲಿಸಬೇಕಿಲ್ಲ. ಪಟ್ಟಿಯಲ್ಲಿ ಮೊದಲು ಬರಬೇಕಾದವರು ಅವರು, ತರಬೇತುದಾರರಾಗಿ.

ವಲಸಿಗರ ಮುಂದಿರುವ ದಾರಿ

2022ರ ನವೆಂಬರ್‌ನಿಂದ ಕೆನಡಾದ ಕಾಯಂ ನಿವಾಸಿಗಳೂ ಸೇನೆ ಸೇರಬಹುದು, ಪೌರತ್ವಕ್ಕಾಗಿ ಕಾಯಬೇಕಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೂ ಇದು ಅನ್ವಯಿಸುತ್ತದೆ. ತಡವಾಗುವುದು ಹೆಚ್ಚಾಗಿ ಭದ್ರತಾ ಪರಿಶೀಲನೆಯಲ್ಲಿ. ಹೊರದೇಶದಲ್ಲಿ ಕಳೆದ ವರ್ಷಗಳ ದಾಖಲೆ ಹೊಂದಿಸಲು ತಿಂಗಳುಗಳು ಹಿಡಿಯುತ್ತವೆ.

ಪದವಿ ಇದ್ದವರಿಗೆ ನೇರವಾಗಿ ಅಧಿಕಾರಿಯಾಗುವ ಬಾಗಿಲೂ ಇದೆ. ಭಾರತದ ಪದವಿಗೆ ಅಲ್ಲಿನ ಸಮಾನತೆಯ ಪ್ರಮಾಣಪತ್ರ ಬೇಕು. ಪ್ರೈವೇಟ್ ಆಗಿ ಸೇರಿದವರು ನಂತರ ಸೇನೆಯ ಖರ್ಚಿನಲ್ಲೇ ವಿಶ್ವವಿದ್ಯಾಲಯಕ್ಕೆ ಹೋಗಿ ಅಧಿಕಾರಿಯಾಗುವ ಯೋಜನೆಯೂ, ಅನುಭವಿ ವಾರಂಟ್ ಆಫೀಸರ್‌ಗಳನ್ನು ಅನುಭವದ ಆಧಾರದ ಮೇಲೆ ಅಧಿಕಾರಿ ಮಾಡುವ ಕ್ರಮವೂ ಇವೆ. ಯುದ್ಧಕಾಲದ ವೇಗವನ್ನು ಮಾತ್ರ ಯಾರೂ ನಿರೀಕ್ಷಿಸಬಾರದು, ಬಯಸಲೂ ಬಾರದು.

ಮುಂದೆ ಆಗಬಹುದಾದದ್ದು

ಮೊದಲ ಎರಡು ಮೂರು ವರ್ಷ ಪಟ್ಟಿಯ ಸಂಖ್ಯೆ ಏರಬಹುದು, ಪಡೆಯ ಸಾಮರ್ಥ್ಯ ಅಷ್ಟೇ ವೇಗದಲ್ಲಿ ಏರುವುದಿಲ್ಲ. ಅರ್ಹತೆಯ ಕೋರ್ಸ್ ಮುಗಿಸದವರಿಗೆ ಹಂಗಾಮಿಯಾಗಿ ಮೇಲಿನ ಪಟ್ಟಿ ಕೊಡುವ ಅವಕಾಶ ಕೆನಡಾದ ನಿಯಮದಲ್ಲಿ ಈಗಲೂ ಇದೆ, ಅದರ ಬಳಕೆ ಹೆಚ್ಚಬಹುದು. ಮಿತವಾಗಿ ಬಳಸಿದರೆ ಅದು 1916ರ ಹಂಗಾಮಿ ಸಾರ್ಜೆಂಟ್‌ನಂತೆ ಉಪಯೋಗಕ್ಕೆ ಬರುತ್ತದೆ. ಅತಿಯಾದರೆ ಕಾರ್ಪೊರಲ್ ಪಟ್ಟಿಗೆ ಆದದ್ದೇ ಸಾರ್ಜೆಂಟ್ ಪಟ್ಟಿಗೂ ಆಗುತ್ತದೆ. ಹಾಗಾಗಿ ಸುದ್ದಿ ಓದುವವರು ಅರ್ಜಿಗಳ ಸಂಖ್ಯೆಗಿಂತ ಬೇರೆ ಎರಡು ಅಂಕಿಗಳನ್ನು ಹುಡುಕಬೇಕು. ವರ್ಷಕ್ಕೆ ಎಷ್ಟು ಮಂದಿ ಪ್ರಾಥಮಿಕ ನಾಯಕತ್ವ ಕೋರ್ಸ್ ಮುಗಿಸುತ್ತಿದ್ದಾರೆ, ಮತ್ತು ಸಾರ್ಜೆಂಟ್ ಆದವರಲ್ಲಿ ಎಷ್ಟು ಮಂದಿ ಐದು ವರ್ಷದ ನಂತರವೂ ಸಮವಸ್ತ್ರದಲ್ಲಿದ್ದಾರೆ.